ಹಲ್ಲಿನ ಡಾಕ್ಟರ ಗೆಂಡೆಮೀನು

ಅಕ್ಟೋಬರ್ ಹದಿನಾಲ್ಕು
ಅಂಗಡಿಯಿಂದ, ಊಟದ ಬಿಡುವಿನಲ್ಲಿ

ಪ್ರೀತಿಯ ಹಾರ್ನ್,

ನೀನೂ ಅತ್ತಿಗೆಯೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯದೆ ಕೂತ ನನ್ನನ್ನು ಮನಸ್ಸಿನಲ್ಲೇ ಬೈದುಕೊಂಡಿರುತ್ತೀಯ, ಬೈದುಕೋ, ತಪ್ಪಿಲ್ಲ. ಹಾಸ್ಟೆಲಿನವರು ತಮ್ಮ ಕಪಾಟುಗಳ ಬೀಗವನ್ನೆಲ್ಲ ಗೋಣಿಚೀಲದಲ್ಲಿ ತಂದು ನನ್ನ ಮೇಜಿನ ಮೇಲೆ ಸುರಿದು ಹೋಗಿದ್ದರು. ಯಾವ ಕೀಲಿ ಯಾವ ಬೀಗದ್ದು ಎಂಬುದು ಅವರಿಗೇ ಗೊತ್ತಿಲ್ಲ. ಆ ಗುಡ್ಡೆ ಕರಗಿಸುವಷ್ಟರಲ್ಲಿ ನನ್ನ ಕತ್ತು ಒಂದು ಕಡೆಗೇ ತಿರುಗಿ ನಿಂತಿತು. ನಿನ್ನೆ ಇವಳು, "ನೀವು ಬರೀತೀರೋ, ಇಲ್ಲಾ ನಿಮ್ಮ ಕೈ ಬಿದ್ದುಹೋಗಿದೆ ಅಂತ ನಾನೇ ಅವ್ರಿಗೆ ಫೋನ್ ಮಾಡ್ಲೋ?" ಎಂದು ಗದರಿದಳು. ಫೋನು ಬೇಡವೆಂದೆ. ಎರಡು ಊರುಗಳ ನಡುವೆ ನೀನು ಫೋನಿನಲ್ಲಿ ಮಾತಾಡಿದರೆ ಫೋನೇ ಬೇಕಿಲ್ಲ, ಕಿಟಕಿ ತೆಗೆದರೆ ಸಾಕು. ಬಸ್ಸು ಓಡಿಸುವುದು ಬಿಟ್ಟರೂ ಗಂಟಲಿಗೆ ನಿವೃತ್ತಿ ಸಿಕ್ಕಿಲ್ಲ ನಿನಗೆ.

ಅತ್ತಿಗೆಗೆ ಹೆಡ್ ನರ್ಸ್ ಕೆಲಸ ಒಗ್ಗಿದೆ ಎಂದು ಓದಿ ಸಂತೋಷವಾಯಿತು. ಆ ಆಸ್ಪತ್ರೆಯವರ ಪುಣ್ಯ. ಆ ಕೆಲಸಕ್ಕಾಗಿ ನಿಮ್ಮಿಬ್ಬರನ್ನೂ ಕಿತ್ತುಕೊಂಡು ಹೋದರಲ್ಲ, ಅದನ್ನು ಮಾತ್ರ ಇನ್ನೂ ಮನ್ನಿಸಿಲ್ಲ.

ಈಗ ಫೋಟೋದ ವಿಷಯ. ತಲುಪಿತು. ಆ ಊರಿನಲ್ಲಿ ನಿನಗೆ ಸಿಕ್ಕ ಹೊಸ ಜೊತೆಗಾರ ಹಲ್ಲಿನ ಡಾಕ್ಟರು ಗೆಂಡೆಮೀನನ್ನು ಮಗುವಿನಂತೆ ಎತ್ತಿಕೊಂಡಿದ್ದಾರೆ, ನೀನು ಪಕ್ಕದಲ್ಲಿ ಹೆತ್ತವನ ಹಾಗೆ ಹಲ್ಲು ಕಿರಿದು ನಿಂತಿದ್ದೀಯ. ಮೀನು ಚೆನ್ನಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಡಾಕ್ಟರು ತೋಳನ್ನು ಎಷ್ಟು ಮುಂದಕ್ಕೆ ಚಾಚಿದ್ದಾರೆ ನೋಡು. ಹಾಗೆ ಚಾಚಿದರೆ ನನ್ನ ಕೈಯ ಬೀಗವೂ ಕೋಟೆಬಾಗಿಲಿನಷ್ಟು ಕಾಣುತ್ತದೆ. ನಿನ್ನ ಪತ್ರದಲ್ಲಿ ಅವರ ಪ್ರಸ್ತಾಪ ಎಷ್ಟು ಸಲ ಬಂದಿದೆಯೆಂದು ನಾನು ಎಣಿಸಲಿಲ್ಲ. ಎಣಿಸಿದರೆ ನಾನು ಸಣ್ಣವನಾಗುತ್ತೇನೆ. ಇವಳು ಎಣಿಸಿದಳು.

ಡಾಕ್ಟರ ಹತ್ತಿರ ಕಾರ್ಬನ್ ಕೋಲುಗಳಂತೆ, ಮೀನು ದಾರ ಎಳೆದರೆ ದೀಪ ಹತ್ತಿ ಪೀಂ ಎನ್ನುವ ಯಂತ್ರವಂತೆ, ಕಾಲು ಚಾಚಿ ಒರಗುವ ಕುರ್ಚಿಯಂತೆ, ಮೀನಿಗೆ ಹಾಕಲು ಸ್ಟ್ರಾಬೆರಿ ವಾಸನೆಯ ಗಟ್ಟಿ ಉಂಡೆಗಳಂತೆ. ಮೀನು ಹಿಡಿಯಲು ಹೋಗುತ್ತಾರೋ ಸಂಸಾರ ಹೂಡಲೋ? ನಾವು ಕೋಲಿನ ತುದಿಗೆ ಪುಟ್ಟ ಗಂಟೆ ಸಿಕ್ಕಿಸಿ, ತಲೆಕೆಳಗಾದ ಬಕೆಟ್ಟು, ಚಪ್ಪಟೆ ಕಲ್ಲಿನ ಮೇಲೆ ಕೂತು ಹಿಡಿದ ಮೀನುಗಳೇನು ಮೀನುಗಳಲ್ಲವೇ? ಇದನ್ನೆಲ್ಲ ಓದಿ ನಕ್ಕೆ, ನಿಜವಾಗಿಯೂ ನಕ್ಕೆ. ನಗು ನಿಂತದ್ದು ಆಮೇಲಿನ ಸಾಲಿನಲ್ಲಿ. "ಡಾಕ್ಟರಿಗೆ ನಮ್ಮ ಜೋಳ ಬಹಳ ಹಿಡಿಸಿತು" ಎಂದು ಬರೆದಿದ್ದೀಯ.

ನಮ್ಮ ಜೋಳ! ಮೀನಿನ ಎರೆಗೆಂದು ಮುಸುಕಿನ ಜೋಳವನ್ನು ನೆನೆಹಾಕಿ, ಬೇಯಿಸಿ, ಆ ನೀರಿನಲ್ಲೇ ಮುಚ್ಚಿಟ್ಟು, ಹುಳಿ ಬರುವ ಹೊತ್ತಿಗೆ ಸೋಂಪು ಕುಟ್ಟಿ ಹಾಕಬೇಕೆಂದು ಕಂಡುಕೊಳ್ಳಲು ನಮಗೆ ಎಷ್ಟು ಬೇಸಿಗೆ ಬೇಕಾಯಿತು? ನಿಮ್ಮ ಮನೆಯ ಹಿತ್ತಿಲಲ್ಲಿ ಡಬ್ಬಿ ಸಿಡಿದು ಅತ್ತಿಗೆಯ ಯೂನಿಫಾರಮ್ಮೆಲ್ಲ ಹುಳಿ ನಾತ ಹೊಡೆದು, ಅವರು ನಮ್ಮಿಬ್ಬರನ್ನೂ ಸಂಜೆವರೆಗೆ ಒಳಗೆ ಸೇರಿಸಲಿಲ್ಲ. ಗಾಳದ ಮುಳ್ಳಿಗೆ ಕಾಳು ಚುಚ್ಚಬಾರದು, ಮುಳ್ಳಿನ ಬಾಲಕ್ಕೆ ಕೂದಲೆಳೆಯಂಥ ದಾರ ಕಟ್ಟಿ ಅದಕ್ಕೆ ಪೋಣಿಸಬೇಕು, ಆಗಲೇ ಗೆಂಡೆ ಅನುಮಾನಪಡದೆ ಹೀರುತ್ತದೆ ಎಂದು ಬೇರೆಯವರಿಂದ ಕಲಿತೆವು, ನಿಜ. ಆದರೆ ಆ ಜೋಳದ ಹದ ನಮ್ಮಿಬ್ಬರದು. ನನ್ನ ತಮ್ಮ ಕೇಳಿದಾಗಲೂ ನಾನು ಹೇಳಿಲ್ಲ; ಅವನು ಇಂದಿಗೂ ಒಣ ಹಿಟ್ಟು ಹಿಡಿದುಕೊಂಡು ಹೋಗಿ ಬರಿಗೈಯಲ್ಲಿ ಬರುತ್ತಾನೆ. ನೀನು ಮಾತ್ರ ಯಾರದೋ ದವಡೆಹಲ್ಲು ಕೀಳುವವರಿಗೆ ತಟ್ಟೆಯಲ್ಲಿಟ್ಟು ಕೊಟ್ಟೆ. ಇರಲಿ. ಬಿಡು.

ಬಿಡಲಿಲ್ಲ ಎಂಬುದು ನಿನಗೆ ಗೊತ್ತು. ಆ ವಾರವೇ ಹೋಗಿ ಪೀಂ ಎನ್ನುವ ಯಂತ್ರವೊಂದನ್ನು ತಂದೆ. ಅಂಗಡಿಯ ಬಾಗಿಲಿಗೆ ಹೊಸ ಕರೆಗಂಟೆ ಎಂದು ಇವಳಿಗೆ ಹೇಳಿದೆ. "ಕರೆಗಂಟೆ ಕೆಳಗೆ ನೆಲಕ್ಕೆ ಚುಚ್ಚೋ ಮೊಳೆ ಯಾಕ್ರೀ ಇದೆ?" ಎಂದು ಕೇಳಿದಳು. ಜೋರಾಗಿ ಕೆಮ್ಮಿದೆ.

ಭಾನುವಾರ ಬೆಳಗ್ಗೆ ಅದನ್ನೂ ಜೋಳದ ಡಬ್ಬಿಯನ್ನೂ ಹಿಡಿದು ಕೆರೆಗೆ ಹೋದೆ. ಕೆರೆ ಈಗ ಚೆನ್ನಾಗಿದೆ. ಏರಿಯ ಮೇಲೆ ಹೊಸ ಬೇಲಿ ಬಂದಿದೆ, ಜೊಂಡು ಕತ್ತರಿಸಿದ್ದಾರೆ. ಗೇಟಿನಲ್ಲಿ ಚೀಟಿ ಕೊಡುವ ಅಮ್ಮನಿಗೆ ಮೇಲೆ ತಗಡಿನ ಚಾವಣಿ ಹಾಕಿಸಿಕೊಟ್ಟಿದ್ದಾರೆ. ನಾನು ನಮ್ಮ ಜಾಗಕ್ಕೇ ಹೋದೆ, ನೀರಿಗೆ ಬಾಗಿದ ಮರದ ಪಕ್ಕ. ನನ್ನ ಬಕೆಟ್ಟು ಎಡಕ್ಕೆ. ಬಲಕ್ಕೆ ನಿನ್ನ ಚಪ್ಪಟೆ ಕಲ್ಲು ಖಾಲಿ.

ಯಂತ್ರದ ಕಥೆ ಕೇಳು. ಗಾಳಿ ಬೀಸಿದರೆ ಪೀಂ. ದಾರಕ್ಕೆ ಎಲೆ ತಾಗಿದರೆ ಪೀಂ. ಏರಿಯ ಮೇಲಿನವರೆಲ್ಲ ತಿರುಗಿ ತಿರುಗಿ ನೋಡಿದರು. ಒಬ್ಬಾತ, "ಏನ್ ಸಾರ್, ಲಾರಿ ರಿವರ್ಸ್ ತಗೋತಿದೀರಾ?" ಎಂದ.

ಅಷ್ಟು ಹೊತ್ತಿಗೆ ಬೇಕರಿಯವನು ಬಂದ. ನಿನಗೆ ಪರಿಚಯವಿಲ್ಲ, ನೀನು ಹೋದ ಮೇಲೆ ಬಸ್ ನಿಲ್ದಾಣದ ಎದುರು ಅಂಗಡಿ ಇಟ್ಟವನು. ದಪ್ಪನೆಯ ಮೈ, ಮೆಲ್ಲನೆಯ ಮಾತು. ಪ್ರತಿ ಭಾನುವಾರ ಬರುತ್ತಾನೆ, ಪ್ರತಿ ಭಾನುವಾರ ನಿನ್ನ ಕಲ್ಲನ್ನು ತೋರಿಸಿ, "ಇಲ್ಲಿ ಕೂರ್ಬಹುದಾ ಅಣ್ಣಾ?" ಎಂದು ಕೇಳುತ್ತಾನೆ. ನಾನು ಪ್ರತಿ ಸಲ, "ಜನ ಇದಾರೆ" ಎನ್ನುತ್ತೇನೆ.

ಆ ದಿನ ಅವನು, "ಎಲ್ಲಿ?" ಎಂದು ಕೇಳಿದ.

"ಬರ್ತಾರೆ."

"ಹಾಗಾದ್ರೆ ಸರಿ," ಎಂದು ದೂರ ಹೋಗಿ ಬಿಸಿಲಿನಲ್ಲಿ ಕೂತ. ಅದು ಬೇರುಗಳೇ ತುಂಬಿದ ಜಾಗ, ಅಲ್ಲಿ ಮುಳ್ಳು ಸಿಕ್ಕಿಕೊಳ್ಳುತ್ತದೆಯೇ ಹೊರತು ಮೀನು ಸಿಗುವುದಿಲ್ಲ. ಅದು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ.

ಬಿಸಿಲು ಏರುತ್ತಿದ್ದಾಗ ಯಂತ್ರ ಮತ್ತೆ ಕೂಗಿತು. ಈ ಸಲ ನಿಲ್ಲಲೇ ಇಲ್ಲ, ಒಂದೇ ಉಸಿರಿಗೆ ಕೂಗಿತು. ಕೋಲು ಎತ್ತುವಷ್ಟರಲ್ಲಿ ರೀಲಿನಿಂದ ದಾರ ಹರಿದೋಡುತ್ತಿದೆ. ನೇರ ಬೇರುಗಳ ಕಡೆಗೆ! ಬಿಗಿ ಮಾಡಿದರೆ ದಾರ ಕಿತ್ತುಹೋಗುತ್ತದೆ, ಸಡಿಲ ಬಿಟ್ಟರೆ ಬೇರಿಗೆ ಸುತ್ತಿಕೊಳ್ಳುತ್ತದೆ. ಕೋಲನ್ನು ಪಕ್ಕಕ್ಕೆ ಬಗ್ಗಿಸಿ ತಡೆದೆ. ಮೀನು ಒಮ್ಮೆ ಮೇಲೆ ಬಂದು ಮಗ್ಗುಲು ತೋರಿಸಿತು. ಹಿತ್ತಾಳೆ ತಟ್ಟೆ ಹೊರಳಿದ ಹಾಗೆ ನೀರೆಲ್ಲ ಹೊಂಬಣ್ಣವಾಯಿತು. ಆಗ ನಾನು ಕೂಗಿದೆ, "ಹಾರ್ನ್, ಬಲೆ! ಕೈಬಲೆ ತಗೊಳ್ಳೋ!"

ಅಭ್ಯಾಸ. ಏನು ಮಾಡಲಿ.

ಓಡಿ ಬಂದದ್ದು ಬೇಕರಿಯವನು. ಚಪ್ಪಲಿಯನ್ನೂ ಬಿಡದೆ ಮಂಡಿವರೆಗೆ ನೀರಿಗಿಳಿದು ಕೈಬಲೆ ಚಾಚಿದ, ಅದೂ ಬಾಲದ ಕಡೆಯಿಂದ! ಬಾಲಕ್ಕೆ ಬಲೆ ತಾಗಿದ್ದೇ ತಡ, ಮೀನು ಬೆದರಿ ಮತ್ತೆ ಒಳಕ್ಕೆ ನುಗ್ಗಿತು. ನಿನ್ನನ್ನು ಬೈಯುವ ಹಾಗೆಯೇ ಬೈದೆ, ಒಂದು ಪದವನ್ನೂ ಬಿಡಲಿಲ್ಲ. ಅವನು ತಿರುಗಿ ನೋಡಿ, "ಅಣ್ಣಾ, ಎಷ್ಟು ಬೇಕಾದ್ರೂ ಬೈಯಿರಿ, ಸ್ವಲ್ಪ ಮೆಲ್ಲಗೆ ಬೈಯಿರಿ. ಮೀನು ತನಗೇ ಅಂದ್ಕೊಂಡು ಹೋಗ್ತಿದೆ," ಎಂದ. ಅಂಥ ಹೊತ್ತಿನಲ್ಲೂ ನನಗೆ ನಗು ತಡೆಯಲಾಗಲಿಲ್ಲ. ನಕ್ಕಾಗ ಕೈ ಹಗುರಾಯಿತೋ ಏನೋ, ಮೀನೂ ಸುಸ್ತಾಗಿ ತಿರುಗಿತು. ಬಲೆಯನ್ನು ನೀರೊಳಗೆ ಮುಳುಗಿಸಿ ಸುಮ್ಮನೆ ಹಿಡಿದುಕೋ ಎಂದೆ. ಹಿಡಿದುಕೊಂಡ. ತಲೆ ಮುಂದಾಗಿ ಮೀನನ್ನು ಅದರ ಮೇಲಕ್ಕೆ ತಂದೆ. "ಈಗ ಎತ್ತು!"

ಒದ್ದೆ ಹಾಸಿನ ಮೇಲೆ ಮಲಗಿಸಿ ಮುಳ್ಳು ಬಿಡಿಸಿದೆವು. ತುಟಿಯ ಅಂಚಿನಲ್ಲಿ, ಎಲ್ಲಿ ಸಿಗಬೇಕೋ ಅಲ್ಲೇ ಸಿಕ್ಕಿತ್ತು. ಬಾಯಿಂದ ಸೋಂಪಿನ ವಾಸನೆ. ತೂಗಿದೆ. ಸುಳ್ಳು ಹೇಳಬಹುದಿತ್ತು, ನಿನಗೆ ಹೇಗೆ ಗೊತ್ತಾಗುತ್ತಿತ್ತು? ಆದರೂ ಹೇಳುತ್ತೇನೆ: ತೂಕದ ಮುಳ್ಳು ನೀನು ಬರೆದ ಡಾಕ್ಟರ ಮೀನಿನ ತೂಕಕ್ಕಿಂತ ಒಂದು ಗೆರೆ ಹಿಂದೆ ನಿಂತಿತು. ತಟ್ಟಿದೆ, ಅಲ್ಲಾಡಿಸಿದೆ, ಮುಳ್ಳು ಕದಲಲಿಲ್ಲ.

ಬೇಕರಿಯವನಿಂದ ಫೋಟೋ ತೆಗೆಸಿಕೊಂಡೆ. ತೋಳನ್ನು ಆದಷ್ಟೂ ಮುಂದಕ್ಕೆ ಚಾಚಿದೆ.

"ಯಾರಿಗೆ ಕಳಿಸ್ತೀರಾ?"

"ನನ್ನ ಗೆಳೆಯನಿಗೆ."

"ಇಲ್ಲಿ ಕೂರೋರಿಗಾ?"

"ಹೂಂ."

ಮೀನನ್ನು ನೀರಿನಲ್ಲಿ ಹೊಟ್ಟೆಯಡಿ ಕೈಕೊಟ್ಟು ಹಿಡಿದುಕೊಂಡೆ. ಕಿವಿರು ಆಡಿತು. ಬಾಲ ಒಮ್ಮೆ ಬೀಸಿ ಮುಖಕ್ಕೆ ನೀರೆರಚಿ ಹೋಯಿತು. ಏನೋ ಹೇಳಬೇಕೆಂದು ಬಲಕ್ಕೆ ತಿರುಗಿದೆ. ಒದ್ದೆ ಪ್ಯಾಂಟು ಹಿಂಡುತ್ತ ಬೇಕರಿಯವನು ನಿಂತಿದ್ದ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನಿನ್ನ ಡಾಕ್ಟರ ಮೇಲೆ ಹೊಟ್ಟೆ ಉರಿದಷ್ಟು ನನಗೆ ಯಾರ ಮೇಲೂ ಉರಿದಿಲ್ಲ. ಅವರ ಕೋಲಿನ ಮೇಲಲ್ಲ, ಕುರ್ಚಿಯ ಮೇಲಲ್ಲ. ಮೀನು ಬಿಟ್ಟು ಅವರು ಪಕ್ಕಕ್ಕೆ ತಿರುಗಿದರೆ ಅಲ್ಲಿ ನೀನಿರುತ್ತೀಯಲ್ಲ, ಅದಕ್ಕೆ.

ಬೇಕರಿಯವನು ತನ್ನ ಬಿಸಿಲಿನ ಜಾಗಕ್ಕೆ ಹೊರಟಿದ್ದ. "ಅಲ್ಲಿ ಬರೀ ಬೇರು," ಎಂದೆ. "ಇಲ್ಲೇ ಕೂತ್ಕೋ."

"ಅವ್ರು ಬಂದ್ರೆ?"

"ಬಂದಾಗ ನೋಡೋಣ."

ಕೂತ. ಕಲ್ಲಿನ ತುದಿಯಲ್ಲಿ, ಬೇರೆಯವರ ಮನೆಗೆ ಬಂದವನ ಹಾಗೆ. ಮಧ್ಯಾಹ್ನ ಚೀಲದಿಂದ ಬನ್ನು ತೆಗೆದು ಅರ್ಧ ನನಗೆ ಕೊಟ್ಟ. ಮಾತು ಕಮ್ಮಿ, ನಿನ್ನ ಪಕ್ಕ ಅಷ್ಟು ವರ್ಷ ಕೂತ ಮೇಲೆ ಕಿವಿಗೆ ವಿಶ್ರಾಂತಿ. ಮುಂದಿನ ಭಾನುವಾರವೂ ಬರುತ್ತಾನೆ. ಇದನ್ನು ಯಾಕೆ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆಂದರೆ, ಓದಿ ನಿನಗೂ ಸ್ವಲ್ಪ ಉರಿಯಲಿ ಎಂದು. ಜೋಳದ ಹದ ಕೇಳಿದ. ಹೇಳಲಿಲ್ಲ.

ಫೋಟೋ ಇದರ ಜೊತೆಗಿದೆ. ಡಾಕ್ಟರಿಗೂ ತೋರಿಸು. ಅತ್ತಿಗೆಗೆ ನನ್ನ ನಮಸ್ಕಾರ. ರಾತ್ರಿಪಾಳಿ ಕಡಿಮೆ ಮಾಡಿಸಿಕೊಳ್ಳಲು ಹೇಳು. ನಿನ್ನ ಮಂಡಿನೋವಿಗೆ ಇವಳು ಎಣ್ಣೆ ಕಳಿಸುತ್ತಾಳಂತೆ, ತಪ್ಪದೆ ತಿಕ್ಕಿಕೋ. ನಿಮ್ಮ ಮನೆಯಲ್ಲಿ ನಗು ಬತ್ತದಿರಲಿ, ನಿಮ್ಮಿಬ್ಬರಿಗೂ ಗಟ್ಟಿ ಆಯಸ್ಸಿರಲಿ, ನಿನ್ನ ದಾರ ಎಂದೂ ಬೇರಿಗೆ ಸಿಕ್ಕದಿರಲಿ.

ನಿನ್ನ
ಕೀಲಿ

ಮರೆತ ಮಾತು: ಬರೆಯಬಾರದೆಂದಿದ್ದೆ. ಲಕೋಟೆ ಅಂಟಿಸಲು ಕೈ ಬರಲಿಲ್ಲ. ಆ ಭಾನುವಾರ ಮನೆಗೆ ಹೊರಟಾಗ ಗೇಟಿನ ಅಮ್ಮನಿಗೆ ಫೋಟೋ ತೋರಿಸಿದೆ. ಅವಳು ಬಹಳ ಸಂತೋಷಪಟ್ಟು, "ಹೋದ ತಿಂಗಳು ನಿಮ್ಮ ಸ್ನೇಹಿತರು ಬಂದಿದ್ರಲ್ಲ, ಜೊತೆಗೆ ಯಾರೋ ಡಾಕ್ಟರು, ಅವ್ರಿಗೂ ಇಂಥದ್ದೇ ಸಿಗ್ಬೇಕಿತ್ತು. ಸಂಜೆವರೆಗೆ ಕೂತು ಬರಿಗೈಲಿ ಹೋದ್ರು, ಆದ್ರೆ ಏನ್ ನಗು ಅಂತೀರಿ! ನೀವ್ಯಾಕೆ ಬರ್ಲಿಲ್ಲ ಅಂತ ಕೇಳಿದೆ. ನಿಮಗೆ ಜ್ವರ ಅಂದ್ರು. ಆಮೇಲೆ ಕೇಳೋದೇ ಮರೆತೆ, ಈಗ ವಾಸಿನಾ?" ಎಂದಳು. ಹೋದ ತಿಂಗಳು ನನಗೆ ಜ್ವರವೇ ಬಂದಿಲ್ಲ, ವಾರದ ದಿನಗಳಲ್ಲೆಲ್ಲ ಅಂಗಡಿಯಲ್ಲೇ ಇದ್ದೆ. ಅವಳಿಗೆ, "ಹೌದಮ್ಮಾ, ಜೋರು ಜ್ವರ. ಏಳೋಕೇ ಆಗ್ಲಿಲ್ಲ. ನಾನೇ ಅವ್ರನ್ನ ಹೋಗಿ ಬನ್ನಿ ಅಂತ ಕಳಿಸ್ದೆ," ಎಂದೆ. ಇವಳಿಗೂ ಈ ವಿಷಯ ಹೇಳಿಲ್ಲ. ಇನ್ನೊಮ್ಮೆ ನೀನು ಆ ಗೇಟಿಗೆ ಬಂದು ಅವಳು ಕೇಳಿದರೆ, ಜ್ವರ ಬಿಟ್ಟಿದೆ ಎನ್ನು. ನಾನೂ ಹಾಗೆಯೇ ಹೇಳಿಕೊಂಡು ಬರುತ್ತಿದ್ದೇನೆ.