ಸೂಗಮ್ಮ ಮಾಫಿ ಬರೆಯುವುದಿಲ್ಲ

ಹುಮನಾಬಾದ, ೧೩ ಆಗಸ್ಟ್ ೧೯೬೮, ಮಂಗಳವಾರ

ಸಿಟ್ಟು ಇನ್ನೂ ಇಳಿದಿಲ್ಲ.

ಮೋರಖಂಡಿಯ ಪಾರ್ವತಿಬಾಯಿಗೆ ಇವತ್ತು ಹೊಟ್ಟೆಯ ಆಪರೇಶನ್. ಕೊರಳಿನ ಇಷ್ಟಲಿಂಗ ತೆಗೆಯಬೇಕೆಂದಾಗ ಮುದುಕಿ ಮಂಚ ಬಿಟ್ಟು ಏಳಲಿಲ್ಲ. "ಲಿಂಗ ಬಿಟ್ಟು ನಾ ಸಾಯಾಕೂ ಹೋಗಂಗಿಲ್ಲ" ಎಂದಳು. ನನ್ನ ನರ್ಸಿಂಗ್ ವಿದ್ಯಾರ್ಥಿನಿ ಸೂಗಮ್ಮ ವಾದ ಮಾಡಲಿಲ್ಲ. "ಆಯಿ, ನೀವೇ ತೆಗದು ಅಂಗೈಯಾಗ ಹಿಡೀರಿ, ನಾ ಮ್ಯಾಲ ಪಟ್ಟಿ ಕಟ್ತೀನಿ" ಎಂದಳು. ಮುದುಕಿ ಮುಷ್ಟಿ ಬಿಗಿದುಕೊಂಡು ತಾನೇ ಆಪರೇಶನ್ ಕೋಣೆಗೆ ನಡೆದು ಹೋದಳು.

ಆಪರೇಶನ್ ಚೆನ್ನಾಗಿಯೇ ಆಯಿತು. ಆದರೂ ಲಿಂಗವನ್ನು ಒಳಗೆ ಬಿಟ್ಟದ್ದಕ್ಕೆ ಡಾಕ್ಟರರು ಎಲ್ಲರೆದುರು ಕೂಗಾಡಿದರು. "ಇದು ದವಾಖಾನಿನೋ, ಮಠಾನೋ? ಆ ಹುಡುಗಿ ಮಾಫಿ ಬರದು ಕೊಡಲಿ, ಇಲ್ಲಂದ್ರ ಮನಿಗಿ ಹೋಗ್ಲಿ."

"ಆಕಿಗಿ ಕಲಿಸಿದಾಕಿ ನಾನ್ರಿ" ಎಂದೆ. "ರೋಗಿಯ ಜೀವಕ್ಕ ಏನು ಆಸರ ಅದ ಅಂತ ಮೊದಲ ಕೇಳ್ರಿ ಅಂತ ನಾನೇ ಹೇಳೀನಿ. ಕಾಗದ ನನಗ ಕೊಡ್ರಿ."

ಕೊಟ್ಟರು. 'ಕಲಿಸಿದ್ದೇನೆ, ಮುಂದೆಯೂ ಕಲಿಸುತ್ತೇನೆ' ಎಂದು ಬರೆದು ಸಹಿ ಹಾಕಿದೆ. ಅವರು ಓದಿ, ಮೇಜಿನ ಮೇಲೆಯೇ ಬಿಟ್ಟು ಹೋದರು. ಸಂಜೆ ಸೂಗಮ್ಮ ಡ್ಯೂಟಿಗೆ ಬಂದಾಗ ಯಾರೂ ತಡೆಯಲಿಲ್ಲ.

ನನ್ನ ನೌಕರಿ ಹೋದರೆ ಹೋಗಲಿ. ಪಾರ್ವತಿಬಾಯಿಯ ಪಕ್ಕದ ಮಂಚದ ಹಸೀನಾಬಿಗೆ ಎದ್ದು ಕೂರಲಾಗದು. ಮಲಗಿಯೇ ನಮಾಜು ಮಾಡಲು ಅವಳ ಮಂಚವನ್ನು ಪಶ್ಚಿಮಕ್ಕೆ ತಿರುಗಿಸುವುದೇ ನಾಳೆಯ ಪಾಠ. ಡಾಕ್ಟರರು ರೌಂಡಿಗೆ ಬಂದಾಗಲೇ ತಿರುಗಿಸುತ್ತೇವೆ.