ಜೇಬಿನಲ್ಲಿದ್ದ ಮೂರು ಫ್ಯೂಸು

ತಿಪಟೂರು
14-8-2002, ಬುಧವಾರ

ಪ್ರೀತಿಯ ಅರ್ಬಾಜನ ಅಬ್ಬಾಗೆ,

ನಿಮ್ಮ ಸುಮಯ್ಯಳ ಸಲಾಮು. ನಾವಿಲ್ಲಿ ಚೆನ್ನಾಗಿದ್ದೇವೆ ಅಂತ ಬರೆದರೆ ಸುಳ್ಳಾಗುತ್ತದೆ, ಚೆನ್ನಾಗಿಲ್ಲ ಅಂತ ಬರೆದರೆ ನೀವು ದಾವಣಗೆರೆಯಲ್ಲಿ ಸಿಕ್ಕಿದ ರೈಲು ಹತ್ತಿಬಿಡುತ್ತೀರಿ. ಅದಕ್ಕೇ ಎರಡನ್ನೂ ಬರೆಯದೆ ಮುಂದಕ್ಕೆ ಹೋಗುತ್ತೇನೆ. ಎಸ್‌ಟಿಡಿ ಬೂತಿನಿಂದ ಮಾತಾಡೋಣವೆಂದರೆ ಹಿಂದೆ ನಿಂತವರೆಲ್ಲ ನಮ್ಮ ಮನೆಯ ಮಾತಿಗೇ ಕಿವಿಗೊಟ್ಟಿರುತ್ತಾರೆ.

ನಿಮ್ಮ ಕಾಗದ ಸೋಮವಾರ ಬಂತು. ಮುಂದಿನ ವಾರ ಶುಕ್ರವಾರ ಬಂದು ದರ್ಗಾದ ಮುಂದೆ ಪ್ರಮಾಣ ಮಾಡಿಬಿಡುತ್ತೇನೆ, ಈ ಪೀಡೆ ಕಳೆಯಲಿ ಅಂತ ಬರೆದಿದ್ದೀರಿ. ಪುಟ್ಟಗಂಗಮ್ಮ ಬಂದುಹೋದದ್ದನ್ನು ನಿಮ್ಮ ಅಬ್ಬಾ ಫೋನಿನಲ್ಲಿ ಹೇಳಬಾರದಿತ್ತು. ಮಾವ ಬುಡನ್ ಸಾಬರ ಬಾಯಲ್ಲಿ ಮಾತು ನಿಂತ ದಿನ ಉಂಟೇ? ನೀವು ಬರಬೇಡಿ.

ಕೇಸಿನ ಸಂಗತಿ ಹೇಳುತ್ತೇನೆ. ಫೈಲು ಇನ್ನೂ ಸರ್ಕಾರಿ ವಕೀಲರ ಹತ್ತಿರವೇ ಇದೆಯಂತೆ. ನಿಮ್ಮ ಮೇಲೆ ಚಾರ್ಜ್‌ಶೀಟ್ ಹಾಕುವುದೋ, ಇಲ್ಲ ಸಾಕ್ಷ್ಯ ಸಾಲದು ಅಂತ ಬಿ ರಿಪೋರ್ಟ್ ಬರೆದು ಮುಚ್ಚಿಬಿಡುವುದೋ, ಅವರ ಅಭಿಪ್ರಾಯ ಬಂದ ಮೇಲೆ ಗೊತ್ತಾಗುತ್ತದಂತೆ. ನಮ್ಮ ವಕೀಲರಾದ ಶಂಭುಲಿಂಗಯ್ಯನವರು ನಾನು ಹೋದಾಗಲೆಲ್ಲ, ‘ಅವ್ರಿಗೂ ಈಗ ಅನುಮಾನ ಬಂದೈತೆ ಕಣಮ್ಮ, ಅದೇ ನಮಗೆ ಒಳ್ಳೇದು’ ಅನ್ನುತ್ತಾರೆ. ಅನುಮಾನ ಬಂದದ್ದು ಆ ಮೂರು ಫ್ಯೂಸುಗಳಿಂದ.

ವಕೀಲರ ಮುಂದೆ ಹೇಳಿ ಹೇಳಿ ನನಗೆ ಎಲ್ಲ ಬಾಯಿಪಾಠವಾಗಿಬಿಟ್ಟಿದೆ. ಹೊನ್ನವಳ್ಳಿಯಲ್ಲಿ ಹುಚ್ಚರಂಗಯ್ಯನವರ ತೋಟದ ಬೋರಿಗೆ ನೀವು ಕೇಬಲ್ ಜಾಯಿಂಟ್ ಮಾಡಲು ಕೂತಾಗ ಕರೆಂಟ್ ಇರಲಿಲ್ಲ. ಆ ಕಡೆಯ ಎಷ್ಟೋ ತೋಟಗಳಂತೆ ಅಲ್ಲೂ ಆಟೋ ಸ್ಟಾರ್ಟರು. ಕರೆಂಟ್ ಯಾವ ಹೊತ್ತಿನಲ್ಲಿ ಬಂದರೂ ಮೋಟಾರು ತಾನಾಗಿ ಓಡಲಿ ಅಂತ ಹಾಕಿಸಿಕೊಂಡದ್ದು. ನೀವು ಟೇಪು ತರಲು ಗಾಡಿಯ ಹತ್ತಿರ ಹೋದಿರಿ, ಯಜಮಾನರು ಕೇಬಲ್ ಹಿಡಿದುಕೊಂಡಿದ್ದರು, ಆಗಲೇ ಕರೆಂಟ್ ಬಂತು. ನೀವು ಓಡಿಹೋಗಿ ಮೇನ್ ಸ್ವಿಚ್ ಎಳೆಯುವಷ್ಟರಲ್ಲಿ ಮುಗಿದುಹೋಗಿತ್ತು. ಮಹಜರಿಗೆ ಬಂದ ಪೊಲೀಸರಿಗೆ ಬೋರ್ಡಿನಲ್ಲಿ ಮೂರೂ ಫ್ಯೂಸು ಕಂಡವು. ಫ್ಯೂಸು ತೆಗೆಯದೆ ಕೆಲಸಕ್ಕೆ ಕೈಹಾಕಿ ನಮ್ಮಪ್ಪನನ್ನು ಕೊಂದ ಅಂತ ಅವರ ಮಗ ಬಸವರಾಜು ದೂರು ಕೊಟ್ಟ. ತೆಗೆದು ಜೇಬಿಗೆ ಹಾಕಿಕೊಂಡಿದ್ದೆ, ಬೇರೆ ಯಾರೋ ಹೊಸದಾಗಿ ಹಾಕಿದ್ದಾರೆ ಅಂತ ನೀವು ಹೇಳಿದಿರಿ.

ನಿಮ್ಮ ಜೇಬು ನನಗೆ ಗೊತ್ತಿಲ್ಲವೇ? ಕೆಲಸಕ್ಕೆ ಮುಂಚೆ ಫ್ಯೂಸು ಕಿತ್ತು ಜೇಬಿಗಿಳಿಸುವುದು, ಕೆಲಸ ಮುಗಿದ ಮೇಲೆ ಅದನ್ನು ವಾಪಸ್ ಹಾಕದೆ ಮನೆಗೆ ಬಂದುಬಿಡುವುದು. ತೋಟದವರು ಗಾಡಿ ಓಡಿಸಿಕೊಂಡು ಬಂದು ನಮ್ಮ ಬಾಗಿಲಲ್ಲಿ ಬೈದಾಡಿದ್ದು ಒಂದು ಸಲವೇ? ಊಟಕ್ಕೆ ಉಪ್ಪು ಮರೆತರೆ ನನ್ನನ್ನು ಬೈಯುವ ಮನುಷ್ಯ ನೀವು. ಯಾರೂ ಕೇಳಿಕೊಂಡು ಬಾರದ ಫ್ಯೂಸುಗಳು ಮಂಚದ ಕೆಳಗಿನ ಡಬ್ಬದಲ್ಲಿ ಬಿದ್ದಿದ್ದವು. ಆ ಡಬ್ಬವನ್ನು ಮೊನ್ನೆ ಗುಜರಿಯವನಿಗೆ ಹಾಕಿಬಿಟ್ಟೆ, ಕೋಪ ಮಾಡಿಕೊಳ್ಳಬೇಡಿ. ಮನೆಯಲ್ಲಿ ಅದನ್ನು ನೋಡಿಕೊಂಡು ಇರಲು ನನಗೆ ಆಗಲಿಲ್ಲ.

ಜಾಮೀನಿನ ಮೇಲೆ ಮನೆಗೆ ಬಂದ ಮೇಲೆ ನೀವು ಹೇಗಾಗಿದ್ದಿರಿ ಅನ್ನುವುದು ನಿಮಗೆ ನೆನಪಿದೆಯೋ ಇಲ್ಲವೋ. ಗೋಡೆಗೆ ಒರಗಿ ಕೂತು ಎದೆಯ ಜೇಬನ್ನು ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದಿರಿ. ‘ತೆಗ್ದಿದ್ದೆ ಅಲ್ವಾ ಸುಮಯ್ಯ? ತೆಗ್ದಿದ್ದೆ ತಾನೆ?’ ಅಂತ ನನ್ನನ್ನೇ ಕೇಳುತ್ತಿದ್ದಿರಿ. ನಾನೇನು ಆ ತೋಟದಲ್ಲಿದ್ದೆನೇ? ಅರ್ಬಾಜ್ ತುತ್ತು ಹಿಡಿದು ಬಾಯಿಯ ಹತ್ತಿರ ತಂದರೂ ನೀವು ಬಾಯಿ ತೆರೆಯಲಿಲ್ಲ. ನನಗೆ ಆಗ ನಿಮ್ಮ ಜೀವದ ಭಯವೇ ಹಿಡಿದಿತ್ತು, ಕೋರ್ಟಿನದಲ್ಲ. ಪೊಲೀಸರು ಮನೆಗೆ ಬರುವ ಮೊದಲು ನೀವು ಬಿಚ್ಚಿಹಾಕಿದ್ದ ಅಂಗಿಯ ಜೇಬಿನಲ್ಲಿತ್ತು ಅಂತ ನಾನು ಆ ಮೂರು ಬಿಳಿ ಫ್ಯೂಸು ತಂದು ಕೈಗಿಟ್ಟಾಗ ನೀವು ಅತ್ತದ್ದನ್ನು ನಾನು ಮರೆಯಲಾರೆ. ಆ ದಿನ ನೀವು ಉಂಡಿರಿ. ಮಾವ ಅವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ವಕೀಲರ ಮನೆಗೆ ಓಡಿದರು, ವಕೀಲರು ಸ್ಟೇಷನ್ನಿಗೆ ಒಪ್ಪಿಸಿದರು. ನನ್ನ ಹೇಳಿಕೆಯನ್ನೂ ಬರೆದುಕೊಂಡರು.

ಈಗ ಹುಚ್ಚರಂಗಯ್ಯನವರ ಹೆಂಡತಿ ಪುಟ್ಟಗಂಗಮ್ಮನ ವಿಷಯ. ಸಂತೆಯ ದಿನ ಬಂದಿದ್ದರು. ಒಳಗೆ ಬನ್ನಿ ಅಂದರೂ ಬರಲಿಲ್ಲ, ಹೊಸ್ತಿಲ ಹೊರಗೇ ಕೂತರು. ನೀರು ಕೊಟ್ಟೆ, ಕುಡಿದರು. ಗಂಡನನ್ನು ಕಳೆದುಕೊಂಡವರು ನಮ್ಮ ಮನೆಯ ನೀರು ಕುಡಿಯುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ‘ನಂಗೆ ದುಡ್ಡೂ ಬ್ಯಾಡ, ಯಾರ್ನೂ ಜೈಲಿಗೆ ಕಳ್ಸೋದೂ ಬ್ಯಾಡ ಕಣವ್ವ’ ಅಂದರು. ‘ಫ್ಯೂಸು ತೆಗ್ದಿದ್ದೆ ಅಂತ ನಿನ್ ಗಂಡ ನಿಮ್ಮ ದರ್ಗಾದ್ ಮುಂದೆ ನಿಂತ್ಕಂಡು ಒಂದ್ ಮಾತು ಹೇಳ್ಲಿ. ನಮ್ ದೇವ್ರು ಬ್ಯಾಡ, ಬುಡು, ನಿಮ್ದೇ ಸಾಕು. ನಾನೇ ಸ್ಟೇಷನ್‌ಗೆ ಹೋಗಿ ನಮ್ದೇನೂ ತಕರಾರಿಲ್ಲ ಅಂತ ಬರ್ಸ್ಕೊಡ್ತೀನಿ’ ಅಂದರು.

ಅಷ್ಟಕ್ಕೇ ಎದ್ದುಹೋಗಿದ್ದರೆ ಚೆನ್ನಾಗಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ಇನ್ನೊಂದು ಮಾತು ಹೇಳಿದರು. ಮಾವ ಆಗ ಮಿಷನ್ನಿನ ಮೇಲೆ ಯಾರದೋ ಪ್ಯಾಂಟು ಹೊಲಿಯುತ್ತಿದ್ದರು, ಅವರ ಕಿವಿಗೆ ಅದು ಬಿದ್ದಿರಲಾರದು. ‘ನಿನ್ ಗಂಡ ತೆಗ್ದಿದ್ರೆ ವಾಪಸ್ ಹಾಕ್ದೋನು ನನ್ ಮಗನೇ ಕಣವ್ವ. ಮನೇಲಿ ಇನ್ಯಾರಿದ್ರು? ಅವ್ನು ಇಲ್ಲ ಅಂತಾನೆ. ನಂಬ್ಬೇಕೋ ಬ್ಯಾಡ್ವೋ ತಿಳೀವಲ್ದು.’ ಪೊಲೀಸರು ಬಸವರಾಜುವನ್ನು ಈಗ ಮತ್ತೆ ಮತ್ತೆ ಕರೆಸಿ ಕೇಳುತ್ತಿದ್ದಾರಂತೆ. ಅವನು ತೋಟಕ್ಕೆ ಹೋಗುವುದನ್ನೇ ಬಿಟ್ಟು ಮನೆಯ ಮೂಲೆ ಹಿಡಿದಿದ್ದಾನಂತೆ. ನಮ್ಮ ಮೇಲೆ ದೂರು ಕೊಟ್ಟವನು, ಅವನಿಗೆ ಹಾಗೇ ಆಗಬೇಕು ಅಂತ ಮಾವ ಅಂದರು. ನಾನು ಒಲೆಯ ಕಡೆ ಎದ್ದುಹೋದೆ.

ಇದಕ್ಕೆಲ್ಲ ನೀವು ಬರುವುದೇ ಪರಿಹಾರ ಅಂತ ಅನ್ನಿಸಬಹುದು. ಬೇಡ. ಫೈಲು ವಾಪಸ್ ಬರುವವರೆಗೆ ಇಲ್ಲಿ ಮುಖ ತೋರಿಸದಿದ್ದರೆ ಒಳ್ಳೆಯದು ಅಂತ ವಕೀಲರು ಹೇಳಿದ್ದಾರೆ. ಹೇಳಿಲ್ಲದಿದ್ದರೂ ಕೇಳಿದರೆ ಹಾಗೆಯೇ ಹೇಳುತ್ತಾರೆ. ಅಲ್ಲಿ ಚಾಚಾ ತಮ್ಮ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕಷ್ಟಪಟ್ಟು ಕೆಲಸ ಕೊಟ್ಟಿದ್ದಾರೆ, ಇಷ್ಟು ಬೇಗ ರಜೆ ಕೇಳಿದರೆ ಅವರಿಗೂ ಬೇಸರ. ಮೇಲಾಗಿ ಹೀಗೆಲ್ಲ ಆಣೆ ಇಡುವುದು ಸರಿಯಲ್ಲ ಅಂತ ತಿಳಿದವರು ಹೇಳುತ್ತಾರೆ. ಅದೇ ದರ್ಗಾಕ್ಕೆ ಪ್ರತಿ ಗುರುವಾರ ಸಕ್ಕರೆ ಹಿಡಿದು ಓಡುವವಳು ಈಗ ಬುದ್ಧಿ ಹೇಳುತ್ತಿದ್ದಾಳೆ ಅಂತ ನಗಬೇಡಿ. ನಗು ಬಂದರೆ ನಗಿ. ಬರುವುದನ್ನು ಮಾತ್ರ ಬಿಡಿ.

ಅರ್ಬಾಜ್ ನಿಮ್ಮ ಟೆಸ್ಟರನ್ನು ಗೋಡೆಯ ಪ್ಲಗ್ಗಿಗೆ ಹಾಕಲು ಹೋಗಿದ್ದ. ಬೆನ್ನಿಗೆ ಎರಡು ಬಿಟ್ಟೆ, ಆಮೇಲೆ ಅವನನ್ನು ತಬ್ಬಿಕೊಂಡು ನಾನೇ ಅತ್ತೆ. ಅಲ್ಲಿ ಹೊತ್ತುಹೊತ್ತಿಗೆ ಉಣ್ಣಿ.

ಇಂತಿ ನಿಮ್ಮವಳೇ ಆದ,
ಸುಮಯ್ಯ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಇನ್ನೊಮ್ಮೆ ಓದಿಕೊಂಡೆ. ಇಷ್ಟು ಮಾತಿಗೆ ನೀವು ನಿಲ್ಲುವವರಲ್ಲ. ಸತ್ಯ ಹೇಳುವವನಿಗೆ ಭಯವೇನು ಅಂತ ಬಂದೇ ಬರುತ್ತೀರಿ. ಆ ದಿನ ನಿಮ್ಮ ಅಂಗಿಯ ಜೇಬಿನಲ್ಲಿ ಟೆಸ್ಟರು ಬಿಟ್ಟರೆ ಏನೂ ಇರಲಿಲ್ಲ. ನಾನು ನಿಮ್ಮ ಕೈಗಿಟ್ಟದ್ದು ಮಂಚದ ಕೆಳಗಿನ ಡಬ್ಬದಲ್ಲಿದ್ದ ಫ್ಯೂಸು. ನೀವು ಉಣ್ಣಲಿ ಅಂತ ಕೊಟ್ಟೆ. ಮಾವ ಅವನ್ನು ಎತ್ತಿಕೊಂಡು ಓಡುತ್ತಾರೆ ಅಂತ ನನಗೆ ಹೊಳೆಯಲಿಲ್ಲ, ಓಡಿದಾಗ ತಡೆಯಲು ಬಾಯಿ ಬರಲಿಲ್ಲ. ನಿಮ್ಮವು ಓಡುವಾಗ ಜಾರಿಬಿದ್ದಿರಬಹುದು. ನೀವು ತೆಗೆದೇ ಇಲ್ಲದಿರಲೂಬಹುದು. ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಪುಟ್ಟಗಂಗಮ್ಮ ಹೆತ್ತ ಮಗನ ಮುಖ ನೋಡುವುದನ್ನೇ ಬಿಟ್ಟಿದ್ದಾರಂತೆ. ನೀವು ಪ್ರಮಾಣ ಮಾಡಿದರೆ ಅವರು ಅದನ್ನು ನಂಬುತ್ತಾರೆ. ಅದಕ್ಕೇ ಬರಬೇಡಿ.