ಶ್ರುತಿ ಏರಿಸಿದ ಮೇಲೆ

ಬ್ರಿಸ್ಟಲ್, ವರ್ಜೀನಿಯಾ
೯ ಮಾರ್ಚ್ ೧೯೫೧

ಪ್ರೀತಿಯ ಲಿಯೋಟಕ್ಕ,

ಊರಿನ ಶಾಲೆಯ ಅಡುಗೆ ಕೆಲಸವನ್ನು ನನಗಾಗಿ ಹಿಡಿದಿಟ್ಟಿದ್ದೀಯ. ಸೋಮವಾರದೊಳಗೆ ಬಂದುಬಿಡು ಎಂದು ಬರೆದಿದ್ದೀಯ. ಬರಲಾರೆ. ಕಾರಣ ಆ ಹಾಡು.

ಹೋಬರ್ಟ್ ನನ್ನನ್ನು ಬಿಟ್ಟು ರೂಬಿಯನ್ನು ಮದುವೆಯಾದ ವಾರ ಅದನ್ನು ಬರೆದೆ. ಅವನು ಕೇಳಿ ನಾಚಲಿ ಎಂಬುದಷ್ಟೇ ಉದ್ದೇಶ. ಆದರೆ ನಮ್ಮ ತಂಡದಲ್ಲಿ ನನ್ನ ದನಿಗೆ ಜೊತೆಯಾಗಿ ಎತ್ತರದ ದನಿಯಲ್ಲಿ ಹಾಡುವವನು ಅವನೇ, ಮತ್ತು ಇರುವುದು ಒಂದೇ ಮೈಕು. ದಿನಾ ಬೆಳಿಗ್ಗೆ ರೇಡಿಯೋದಲ್ಲಿ, ಶನಿವಾರ ಯಾವುದಾದರೂ ಊರಿನ ಸಭಾಂಗಣದಲ್ಲಿ, ಅವನ ಕೆನ್ನೆಯಿಂದ ನಾಲ್ಕು ಬೆರಳು ದೂರ ನಿಂತು, ನನ್ನನ್ನು ಬಿಟ್ಟು ಹೋದೆಯಲ್ಲ ಎಂದು ಹಾಡುತ್ತೇನೆ. ಅದೇ ಸಾಲನ್ನು ಅವನೂ ಹಾಡುತ್ತಾನೆ, ನನಗಿಂತ ಎತ್ತರದಲ್ಲಿ. ಅವನ ಉಸಿರಿನಲ್ಲಿ ರೂಬಿ ಮಾಡಿದ ಕಾಫಿಯ ವಾಸನೆ.

ಅವನನ್ನು ತಂಡದಿಂದ ಓಡಿಸಲು ಒಂದು ಉಪಾಯ ಮಾಡಿದೆ. ಕಳೆದ ಬೇಸಿಗೆಯಲ್ಲಿ ಒಂದು ಶನಿವಾರ, ಯಾರಿಗೂ ಹೇಳದೆ, ಗಿಟಾರನ್ನು ಎರಡು ಸ್ವರ ಮೇಲಿನ ಶ್ರುತಿಗೆ ಏರಿಸಿ ಹಾಡು ಶುರುಮಾಡಿದೆ. ನನ್ನ ಗಂಟಲು ಹೇಗೋ ತಡೆಯುತ್ತದೆ, ಅವನದು ತಡೆಯುವುದಿಲ್ಲವೆಂದು ಗೊತ್ತಿತ್ತು. ತಡೆಯಲಿಲ್ಲ. ಕೊನೆಯ ಸಾಲಿನಲ್ಲಿ ದನಿ ಒಡೆದುಹೋಯಿತು.

ಜನ ಅವನು ಅಳುತ್ತಿದ್ದಾನೆಂದುಕೊಂಡರು. ಮುದುಕಿಯೊಬ್ಬಳು ವೇದಿಕೆಯವರೆಗೂ ಬಂದು, "ಅವನಿಗೂ ಕರುಳಿದೆ ಕಣೇ ಹುಡುಗಿ, ಹೋಗ್ಲಿ ಬಿಡು" ಎಂದಳು. ನಮ್ಮ ತಂಡದ ಯಜಮಾನ ಎಸ್ಟಿಲ್ ಕಣ್ಣೊರೆಸಿಕೊಳ್ಳುತ್ತಲೇ, "ಇನ್ಮೇಲೆ ಇದೇ ಶ್ರುತಿ. ಆ ಒಡಕು ದನಿ ಇದೆಯಲ್ಲ, ಅದೇ ನಮ್ಮ ಹೊಟ್ಟೆ ತುಂಬಿಸೋದು" ಎಂದ.

ಈ ಹಾಡು ಸಾಕು, ನನ್ನನ್ನು ಕಳಿಸಿಕೊಡು ಎಂದು ಎಸ್ಟಿಲ್‌ನನ್ನು ಕೇಳಿದೆ. "ನೀನೊಬ್ಬಳೇ ಬಂದ್ರೆ ಅದು ಮುನಿಸು. ಅವನೊಬ್ಬನೇ ಬಂದ್ರೆ ಸೋಮಾರಿತನ. ಇಬ್ರೂ ಒಟ್ಟಿಗೆ ಬಂದು ಕೇಳಿ, ಅವತ್ತೇ ಇಬ್ರನ್ನೂ ಬಿಟ್ಟುಬಿಡ್ತೀನಿ" ಎಂದ. ವರ್ಷದ ಕೊನೆಯವರೆಗಿನ ಕರಾರಿಗೆ ಸಹಿ ಹಾಕಿದ್ದೇವೆ. ಹೋಬರ್ಟ್ ಬಾಯಿ ತೆರೆಯುವುದು ಮೈಕಿನ ಮುಂದೆ ಮಾತ್ರ. ಹಾಗಾಗಿ ಇಲ್ಲೇ ಇದ್ದೇನೆ.

ಆ ಕೆಲಸವನ್ನು ಬೇರೆ ಯಾರಿಗಾದರೂ ಕೊಡಿಸು.

ನಿನ್ನ ತಂಗಿ,
ಆರ್ಫಾ

ತಾ.ಕ.: ಹೋಬರ್ಟ್ ಬಾಯಿ ತೆರೆದಿಲ್ಲ ಎಂಬುದು ಸುಳ್ಳು. ಹೋದ ತಿಂಗಳು ಟೋಪಿ ಕೈಯಲ್ಲಿ ಹಿಡಿದುಕೊಂಡು ಬಂದಿದ್ದ. "ಬಾರೇ, ಇಬ್ರೂ ಹೋಗಿ ಹೇಳಿಬಿಡೋಣ. ಉಗುಳಿದ್ರೆ ರಕ್ತ ಬರ್ತಿದೆ" ಎಂದ. ನಾಳೆ ಎಂದೆ. ಆಮೇಲೆ ದಿನಾ ಕೇಳುತ್ತಾನೆ. ದಿನಾ ನಾಳೆ ಎನ್ನುತ್ತೇನೆ.